ಜಾಲರಿಯಲ್ಲಿ ಸಿಕ್ಕಿದ ಚೂರು

ಬೆಳಗಿನ ಐದೂವರೆ. ರೇಸ್ ಟ್ರ್ಯಾಕಿನ ಬೇಲಿಗೆ ಒತ್ತಿಕೊಂಡಿರುವ ತಗಡಿನ ಶೆಡ್ಡಿನಲ್ಲಿ ಎಂಜಿನ್ ಕಟ್ಟುವ ಮೇಸ್ತ್ರಿ ಒಂದು ಆಯಿಲ್ ಫಿಲ್ಟರನ್ನು ಕಟರ್‌ನಿಂದ ಸುತ್ತಲೂ ಕೊಯ್ಯುತ್ತಿದ್ದಾರೆ. ಗರಗಸ ಹಾಕುವಂತಿಲ್ಲ, ಅದರ ಪುಡಿಯೇ ಒಳಗೆ ಬೀಳುತ್ತದಂತೆ. ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ, ಟಾರ್ಚ್ ಹಿಡಿದು, ಮೂಗು ತಾಗುವಷ್ಟು ಬಗ್ಗುತ್ತಾರೆ. ಮಡಿಕೆಗಳ ನಡುವೆ ತಾಮ್ರದ ಬಣ್ಣದ ಪುಡಿ ಮಿನುಗುತ್ತದೆ.

"ಹೋಯ್ತು. ಬೇರಿಂಗ್ ತಿಂದ್ಹಾಕಿದೆ," ಎನ್ನುತ್ತಾರೆ. "ಈ ಕಾರನ್ನ ಇವತ್ತೂ ಓಡಿಸಿದ್ರೆ ಒಳಗಿನ ರಾಡು ಎಂಜಿನ್ ಬ್ಲಾಕ್ ಒಡ್ಕೊಂಡು ಆಚೆ ಬರತ್ತೆ ಮೇಡಂ."

ಸ್ಕೂಟರಿನ ಪಂಕ್ಚರೂ ಅರ್ಥವಾಗದ ನನಗೆ ಅವರು ಒಂದು ತಟ್ಟೆಯಲ್ಲಿ ಎಣ್ಣೆ ಸುರಿದು ಓರೆ ಮಾಡಿ ತೋರಿಸುತ್ತಾರೆ. ಎಣ್ಣೆಯೆಲ್ಲ ಒಂದು ಅಂಚಿಗೆ ಸರಿಯುತ್ತದೆ. ಟ್ರ್ಯಾಕಿನ ದೊಡ್ಡ ತಿರುವಿನಲ್ಲಿ ಎಂಜಿನ್ನಿನ ಅಡಿಯ ಆಯಿಲ್ ಚೇಂಬರಿನಲ್ಲೂ ಹೀಗೇ ಆಗುತ್ತದೆ. "ಏಳು ಸೆಕೆಂಡು ತಿರುವು. ಅಷ್ಟೂ ಹೊತ್ತು ಪಂಪು ಎಣ್ಣೆ ಬದಲು ಗಾಳಿ ಎಳ್ಕೊಳ್ಳತ್ತೆ. ಎಣ್ಣೆ ಇಲ್ದೆ ಲೋಹಕ್ಕೆ ಲೋಹ ಉಜ್ಜತ್ತೆ. ಮುಗೀತು ಕಥೆ."

ಮೇಸ್ತ್ರಿಗೆ ಐವತ್ತೆಂಟು ವರ್ಷ. ಮೂವತ್ತಾರು ವರ್ಷಗಳಿಂದ ಇದೇ ಶೆಡ್ಡು. ದಿನಕ್ಕೆ ನಾಲ್ಕೈದು ಫಿಲ್ಟರ್ ಕೊಯ್ದು ನೋಡುವುದು, ತಿಂಗಳಿಗೆ ಮೂರು ಎಂಜಿನ್ ಬಿಚ್ಚಿ ಕಟ್ಟುವುದು, ಎಣ್ಣೆ ಓಡದಂತೆ ಚೇಂಬರಿನೊಳಗೆ ತಡೆ ತಗಡು ಬೆಸೆಯುವುದು. ಬಲಗೈ ಹೆಬ್ಬೆರಳಿನ ಉಗುರು ಎರಡು ಸಲ ಹೋಗಿ ಈಗ ಬರುವುದನ್ನೇ ನಿಲ್ಲಿಸಿದೆ. ಗೆದ್ದವರು ಕಪ್ ಎತ್ತಿ ಫೋಟೋ ತೆಗೆಸಿಕೊಳ್ಳುವಾಗ ಇವರು ಕಾರಿನಡಿ ಅಂಗಾತ ಮಲಗಿರುತ್ತಾರೆ.

ನಿಜ ಹೇಳಿಬಿಡುತ್ತೇನೆ, ಈ ಲೇಖನವನ್ನು ನಾನು ಬಸ್ಸಿನಲ್ಲೇ ಅರ್ಧ ಬರೆದುಕೊಂಡು ಬಂದಿದ್ದೆ. ತಲೆಬರಹವೂ ಸಿದ್ಧವಿತ್ತು. ಇನ್ನು ನಾಲ್ಕು ಮಾತು ಅವರ ಬಾಯಿಂದ ಹೊರಡಿಸಿಕೊಂಡರೆ ಕೆಲಸ ಮುಗಿಯಿತು ಅಂದುಕೊಂಡು, "ನಿಮ್ಮ ಬಗ್ಗೆ ಬರೆಯಿರಿ ಅಂತ ನಮ್ಮ ಪೇಪರಿಗೆ ಪತ್ರ ಹಾಕಿದ್ದು ಯಾರು ಗೊತ್ತಾ? ನಿಮ್ಮ ಅಕ್ಕನ ಮಗಳು," ಎನ್ನುತ್ತೇನೆ.

ಮುಂದಿನ ಫಿಲ್ಟರ್ ಕೊಯ್ಯುತ್ತಿದ್ದ ಮೇಸ್ತ್ರಿಯ ಕೈ ನಿಲ್ಲುತ್ತದೆ. ಕಟರ್ ಕೆಳಗಿಟ್ಟು, ಕೈ ಒರೆಸಿಕೊಂಡು, ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಾರೆ.

"ಅವಳಾ ಬರ್ದಿದ್ದು?"

ಆಮೇಲೆ ಅವರು ಹೇಳಿದ್ದನ್ನು ನಾನು ಬರೆದುಕೊಳ್ಳದೆ ಕೂತಿದ್ದೆ. "ಬರ್ಕೊಳ್ಳಿ," ಎಂದು ಅವರೇ ಗದರಿದರು.

ಆ ಅಕ್ಕನ ಮಗಳು ಏಳು ವರ್ಷದ ಹಿಂದೆ ಇದೇ ಟ್ರ್ಯಾಕಿನ ಒಳ್ಳೆಯ ಚಾಲಕಿ. ಅವಳ ಕಾರಿನ ಎಂಜಿನ್ ಕಟ್ಟಿದ್ದು ಇವರೇ. ಓಟಕ್ಕೆ ಮುಂಚಿನ ತಪಾಸಣೆಯಲ್ಲಿ ಒಂದು ಹನಿ ಎಣ್ಣೆ ಸೋರಿದರೂ ಕಾರು ಹೊರಗೆ ಎಂಬ ಭಯಕ್ಕೆ ಚೇಂಬರಿನ ಅಂಚಿಗೆ ಅಂಟು ಪೇಸ್ಟನ್ನು ಬೇಕಾದ್ದಕ್ಕಿಂತ ದಪ್ಪ ಮೆತ್ತಿದರು. ಬೋಲ್ಟು ಬಿಗಿದಾಗ ಹೆಚ್ಚಿನ ಪೇಸ್ಟು ಒಳಕ್ಕೆ ಉಬ್ಬಿ, ಒಣಗಿ, ಓಟದಲ್ಲಿ ಕಿತ್ತು, ಪಂಪಿನ ಬಾಯಿಯ ಜಾಲರಿಗೆ ಅಂಟಿಕೊಂಡಿತು. ದೊಡ್ಡ ತಿರುವಿನಲ್ಲಿ ಎಂಜಿನ್ ಒಡೆಯಿತು. ಸಂಜೆ ಬಿಚ್ಚಿದಾಗ ಜಾಲರಿಯಲ್ಲಿ ಉಗುರಗಲದ ಕಪ್ಪು ಚೂರುಗಳು.

"ತೆಗ್ದು ಕಸದ ಡ್ರಮ್ಮಿಗೆ ಹಾಕ್ದೆ. ತಂಡದ ಮಾಲೀಕರು ಬಂದು ಏನಾಯ್ತು ಅಂದ್ರು. ಎಣ್ಣೆ ಒತ್ತಡ ಇಳಿದ್ರೆ ಹತ್ತೋ ಕೆಂಪು ದೀಪ ಹುಡುಗಿ ನೋಡ್ಲಿಲ್ಲ, ಹಾಗೇ ಓಡಿಸ್ಬಿಟ್ಲು ಅಂದೆ. ಎಷ್ಟು ಸಲೀಸಾಗಿ ಬಂತು ಅಂತೀರಿ ಆ ಮಾತು! ಥೂ ನನ್ನ!"

ಆ ಕಾರಿನಲ್ಲಿ ಎಣ್ಣೆಯ ಒತ್ತಡವನ್ನು ದಾಖಲಿಸುವ ಸಾಧನವಿರಲಿಲ್ಲ, ದೀಪ ಮಾತ್ರ. ಆದ್ದರಿಂದ ಮೇಸ್ತ್ರಿ ಆಡಿದ್ದೇ ಮಾತು. ಅವಳನ್ನು ತಂಡದಿಂದ ಬಿಟ್ಟರು. ಈಗ ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. "ದೀಪಗಳನ್ನ ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿ, ನಾನು ಒಂದ್ಸಲ ಕೆಟ್ಟಿದೀನಿ," ಎಂದು ಕಲಿಯಲು ಬಂದವರಿಗೆಲ್ಲ ತನ್ನನ್ನೇ ಉದಾಹರಣೆ ಕೊಡುತ್ತಾಳಂತೆ. ಇದನ್ನು ಹೇಳುವಾಗ ಮೇಸ್ತ್ರಿ ನನ್ನ ಮುಖ ನೋಡುವುದಿಲ್ಲ.

ಇದನ್ನು ಅವಳು ಪೇಪರಿನಲ್ಲಿ ಓದಿ ತಿಳಿಯುವಂತಾದರೆ ನಾನು ಒಂದಕ್ಷರವೂ ಬರೆಯುವುದಿಲ್ಲ, ಮೊದಲು ನೀವೇ ಅವಳಿಗೆ ಹೇಳಿ ಎನ್ನುತ್ತೇನೆ. ತಲೆ ತಗ್ಗಿಸಿಯೇ ಹೂಂಗುಡುತ್ತಾರೆ.

ಎಂಟೂವರೆಗೆ ಅವಳೇ ಬರುತ್ತಾಳೆ, ಪಾಠಕ್ಕೆ ಹೋಗುವ ದಾರಿಯಲ್ಲಿ ಮಾವನಿಗೆ ಊಟದ ಡಬ್ಬಿ ಕೊಡಲು. ನನ್ನನ್ನು ಕಂಡು ಮುಖ ಅರಳುತ್ತದೆ. "ಬಂದ್ರಾ! ಮಾವ ಬಾಯಿ ಬಿಟ್ರಾ? ಹೊಗಳಿದ್ರೆ ಓಡಿಹೋಗೋ ಜಾತಿ ಇವ್ರು."

"ಕೂತ್ಕೋಮ್ಮ," ಎನ್ನುತ್ತಾರೆ ಮೇಸ್ತ್ರಿ. ನಾನು ಎದ್ದು ಹೊರಡುತ್ತೇನೆ. "ನೀವೂ ಇರಿ ಮೇಡಂ. ಇಲ್ದಿದ್ರೆ ನಾನು ಮಾತು ತಿರುಗಿಸ್ಬಿಡ್ತೀನಿ."

ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗುವುದಿಲ್ಲ. ಅವಳು ಡಬ್ಬಿಯ ಹಿಡಿ ಬಿಡದೆ ಮಾವನತ್ತ ತಿರುಗುತ್ತಾಳೆ.

"ದೀಪ ಹತ್ತಿದ ಕೂಡ್ಲೇ ನಾನು ಎಂಜಿನ್ ಆಫ್ ಮಾಡಿದ್ದೆ ಮಾವ. ಚೆನ್ನಾಗಿ ನೆನಪಿತ್ತು. ನೀವು ಇಲ್ಲ ಅಂದ್ರಲ್ಲ, ನೀವು ಸುಳ್ಳು ಹೇಳಲ್ಲ ಅಂತ ನನ್ನ ಕಣ್ಣನ್ನೇ ನಂಬ್ದೆ ಬಿಟ್ಟೆ."

ಅವಳು ಎದ್ದು ನಿಲ್ಲುತ್ತಾಳೆ.

"ನನಗೊಬ್ಬಳಿಗೆ ಹೇಳಿ ಹಗುರ ಆಗ್ಬೇಡಿ. ಅಮ್ಮನಿಗೆ ಹೇಳಿ. ಮಾಲೀಕರಿಗೆ ಹೇಳಿ." ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೋಗುತ್ತಾಳೆ. ಸ್ಕೂಟರಿನ ಸದ್ದು ಬೇಲಿ ದಾಟುತ್ತದೆ.

ಫೋನ್ ತೆಗೆದು ಅವರು ಮಾಲೀಕರಿಗೆ ನನ್ನೆದುರೇ ಎಲ್ಲವನ್ನೂ ಹೇಳುತ್ತಾರೆ. ಅತ್ತಲಿಂದ ಬಂದ ಬೈಗುಳ ನನಗೂ ಕೇಳಿಸುತ್ತದೆ. ಆಮೇಲೆ ಅಂಗಿ ಬದಲಿಸುತ್ತಾರೆ, ಅಕ್ಕನ ಮನೆಗೆ ಹೋಗಬೇಕು. ಶೆಡ್ಡಿಗೆ ಬೀಗ ಹಾಕುವಾಗ, ಓದುಗರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿ ನನಗೇ ನಾಚಿಕೆಯಾಗುತ್ತದೆ. ಮೇಸ್ತ್ರಿ ಮಾತ್ರ ಯೋಚಿಸಿ ಉತ್ತರಿಸುತ್ತಾರೆ.

"ಅವಳು ಮತ್ತೆ ಟ್ರ್ಯಾಕಿಗೆ ಇಳೀಬೇಕು ಮೇಡಂ. ಇನ್ನೂ ಆಗತ್ತೆ ಅವಳ ಕೈಲಿ. ಎಂಜಿನ್ ಮಾತ್ರ ಬೇರೆ ಯಾರಾದ್ರೂ ಕಟ್ಲಿ."