ಈರಮ್ಮನ ಹೆಬ್ಬೆರಳಿನ ಉಗುರು

ಕೊರೊನಾ ಕಾಲ ಮುಗಿದು ಊಟದ ಮನೆಗಳೆಲ್ಲ ಮತ್ತೆ ಬಾಗಿಲು ತೆರೆದ ವರ್ಷ ನಾನು ಅಫಜಲಪುರದ ಒಂದು ಔಷಧ ಅಂಗಡಿಯ ಕೌಂಟರಿನಲ್ಲಿದ್ದೆ, ಅದಾಗಲೇ ಇಪ್ಪತ್ತೇಳು ವರ್ಷಗಳಿಂದ. ಹುಟ್ಟಿದ್ದು ಆಳಂದ ತಾಲ್ಲೂಕಿನ ಸರಸಂಬಾದಲ್ಲಿ, ಓದಿದ್ದು ಹತ್ತನೇ ಇಯತ್ತೆಯವರೆಗೆ. ಗೋಡೆಯ ಮೇಲೆ ತೂಗುತ್ತಿದ್ದ ಲೈಸೆನ್ಸು ಬೇರೆಯವರದು. ಅವರು ಆಗೊಮ್ಮೆ ಈಗೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಔಷಧಿ ಕೊಡುವವನು ನಾನು. ಜನ ನನ್ನನ್ನು ಡಾಕ್ಟರ್ ಎಂದು ಕರೆಯುತ್ತಿದ್ದರು. ಮೊದಮೊದಲು "ನಾ ಡಾಕ್ಟರ್ ಅಲ್ರಿ" ಎನ್ನುತ್ತಿದ್ದೆ. ಆಮೇಲೆ ಹಾಗೆನ್ನುವುದನ್ನು ಬಿಟ್ಟೆ.

ಘತ್ತರಗಿಗೆ ಹೋಗುವ ರಸ್ತೆಯಲ್ಲಿ ಮಲ್ಕಣ್ಣನ ಖಾನಾವಳಿ ಇತ್ತು. ನನ್ನ ಮಧ್ಯಾಹ್ನದ ಊಟ ಅಲ್ಲಿಯೇ. ಈರಮ್ಮ ಅಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಒಲೆಯನ್ನು ಬಾಗಿಲ ಹತ್ತಿರವೇ ಹಾಕಿದ್ದರು. ಬಂದವರು ಮೊದಲು ನೋಡುವುದು ಅವಳ ಕೈಯನ್ನು, ಆಮೇಲೆ ಕುಳಿತುಕೊಳ್ಳುವ ಜಾಗವನ್ನು. ಗಂಡ ತೀರಿಕೊಂಡ ಮೇಲೆ ಆ ಒಲೆಯ ಮುಂದೆಯೇ ಕುಳಿತು ಮಗಳನ್ನು ಜೇವರ್ಗಿಗೆ ಮದುವೆ ಮಾಡಿ ಕೊಟ್ಟವಳು. ಆ ಜಾಗದ ಬಗ್ಗೆ ಅವಳಿಗೆ ಜಂಬವಿತ್ತು. "ಮಲ್ಕಣ್ಣನ ಬೋರ್ಡ್ ನೋಡಿ ಯಾರ್ ಬರ್ತಾರ್ರಿ? ನನ್ನ ರೊಟ್ಟಿ ಸಪ್ಪಳ ಕೇಳಿ ಬರ್ತಾರ" ಎನ್ನುತ್ತಿದ್ದಳು.

ಒಂದು ದಿನ ಅಂಗಡಿಗೆ ಬಂದು ಬಲಗೈ ಹೆಬ್ಬೆರಳನ್ನು ಕೌಂಟರಿನ ಮೇಲಿಟ್ಟಳು. "ನೋಡ್ರಿ ಡಾಕ್ಟರ್ರ, ಇದು ಉಗುರೋ, ಹಳೇ ಕೊಬ್ರಿ ಚೂರೋ?"

ಉಗುರು ಹಳದಿಗಟ್ಟಿ ದಪ್ಪವಾಗಿತ್ತು. ಒಂದು ಅಂಚು ಮಾಂಸದಿಂದ ಮೇಲೆದ್ದಿತ್ತು, ಬುಡದ ಚರ್ಮ ಬಾತಿತ್ತು. ರೊಟ್ಟಿ ಬಡಿಯುವವರ ಕೈ ದಿನವಿಡೀ ನೀರಿನಲ್ಲಿ ಅದ್ದಿಕೊಂಡೇ ಇರುತ್ತದೆ. ಒದ್ದೆ ಮತ್ತು ಕಾವು ಸೇರಿದ ಕಡೆ ಫಂಗಸ್, ಅಂದರೆ ಶಿಲೀಂಧ್ರ, ಉಗುರಿನ ಕೆಳಗೆ ಮನೆ ಮಾಡುತ್ತದೆ. ಇದನ್ನು ನಾನು ಈಗ ಬಲ್ಲೆ. ಅಂದು "ಉಗುರುಸುತ್ತು, ಏನಿಲ್ಲ" ಎಂದು ಒಂದು ಟ್ಯೂಬ್ ಕೊಟ್ಟೆ. ಅದರಲ್ಲಿ ಸ್ಟಿರಾಯ್ಡ್ ಇತ್ತು. ಸ್ಟಿರಾಯ್ಡ್ ಬಾವು ಮತ್ತು ಉರಿಯನ್ನು ಬೇಗ ಇಳಿಸುತ್ತದೆ, ಒಳಗಿನ ಫಂಗಸ್ಸಿಗೆ ಮಾತ್ರ ಅನುಕೂಲವನ್ನೇ ಮಾಡಿಕೊಡುತ್ತದೆ. ವಾರದಲ್ಲಿ ಬಾವು ಇಳಿಯಿತು. ಈರಮ್ಮ ಊರೆಲ್ಲ ನನ್ನನ್ನು ಹೊಗಳಿದಳು.

ಬೇಸಿಗೆಯ ಹೊತ್ತಿಗೆ ಪಕ್ಕದ ಎರಡು ಬೆರಳುಗಳಿಗೂ ಹಬ್ಬಿತ್ತು. ಬ್ಲೇಡಿನಿಂದ ಉಗುರನ್ನು ಕೆರೆದು, ಅದೇ ಟ್ಯೂಬ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಕಟ್ಟಿಕೊಳ್ಳಲು ಹೇಳಿದೆ. ಒದ್ದೆ ಕೈಗೆ ಪ್ಲಾಸ್ಟಿಕ್ ಕಟ್ಟಿಸಿದವನು ನಾನು.

ಕೊನೆಗೆ ಮಗಳು ಅವಳನ್ನು ಕಲಬುರಗಿಯ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು. ಅವರು ಉಗುರಿನ ಪುಡಿ ತೆಗೆದು ಪರೀಕ್ಷೆಗೆ ಕಳಿಸಿ, ರಕ್ತ ತಪಾಸಣೆ ಮಾಡಿಸಿ, ಗುಳಿಗೆ ಬರೆದುಕೊಟ್ಟರು. ತಾವು ಹೇಳುವವರೆಗೆ ಬಿಡಬಾರದು ಎಂದಿದ್ದರು. ಈರಮ್ಮ ಆ ಚೀಟಿ ಹಿಡಿದು ಬಂದದ್ದು ನನ್ನ ಹತ್ತಿರಕ್ಕೇ.

"ಭಾಳ ಸಿಟ್ಟಿನ ಡಾಕ್ಟರಮ್ಮ ಅದಾರ್ರಿ. ಈ ಟ್ಯೂಬ್ ಕೊಟ್ಟಾಂವ ಯಾರು, ಸಾಲಿ ಕಲ್ತಾನೋ ಇಲ್ಲೋ ಅಂದ್ರು" ಎಂದು ನಕ್ಕಳು.

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ನಿಂತಿದ್ದರು. ಅವರೂ ನಕ್ಕರು. ನಾನು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದೆ. "ಒಂದ್ ಉಗುರಿಗೆ ತಿಂಗಳಾನುಗಟ್ಟಲೆ ಗುಳಗಿ ನುಂಗ್ತಿಯೇನು? ಲಿವರ್ ಹಾಳ ಆಗ್ತದ. ಒಂದ್ ಪಟ್ಟಿ ತಗೋ, ಮುಂದ ನಾ ಹೇಳ್ತೇನಿ."

"ಅವರು ರಕ್ತ ನೋಡ್ಯಾರಲ್ರಿ?"

"ಅವರ್ನ ಕೇಳೂದಿದ್ರ ಇಲ್ಲಿಗ್ಯಾಕ ಬಂದಿ ಬೇ?"

ಅವಳು ಒಂದು ಪಟ್ಟಿ ಗುಳಿಗೆ ತೆಗೆದುಕೊಂಡು ಹೋದಳು. ಲಿವರ್ ಪರೀಕ್ಷಿಸಿ, ಲೆಕ್ಕ ಹಾಕಿಯೇ ಡಾಕ್ಟರು ಬರೆದಿದ್ದರು. ನನಗೆ ಬೇಕಾಗಿದ್ದದ್ದು ಅವಳ ಲಿವರ್ ಅಲ್ಲ, ಆ ನಾಲ್ಕು ಜನರ ಮುಂದೆ ನನ್ನ ಹೆಸರು. ತಿಂಗಳ ಮೇಲೆ ಉಗುರಿನ ಬುಡದಲ್ಲಿ ಬೆಳ್ಳನೆಯ ಹೊಸ ಅಂಚು ಕಂಡಿತು. "ಸಾಕು, ಬಿಡು" ಎಂದೆ. ಕೈಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆಯಲು ಸುಮಾರು ಆರು ತಿಂಗಳು ಬೇಕು. ಅಷ್ಟರಲ್ಲಿ ಔಷಧಿ ನಿಂತರೆ ಹಳೆಯದರಿಂದ ಹೊಸದಕ್ಕೆ ಮತ್ತೆ ಹತ್ತುತ್ತದೆ. ಹಾಗೆಯೇ ಹತ್ತಿತು, ಈ ಸಲ ಕಪ್ಪಾಗಿ.

ಅಂದು ಅಮಾವಾಸ್ಯೆ. ಘತ್ತರಗಿಯ ದೇವಿಯ ದರ್ಶನಕ್ಕೆ ಹೋಗಿಬರುವವರಿಂದ ಖಾನಾವಳಿ ತುಂಬಿತ್ತು. ನಾನು ಗೋಡೆಯ ಪಕ್ಕದಲ್ಲಿ ಊಟಕ್ಕೆ ಕುಳಿತಿದ್ದೆ. ಒಲೆಯ ಹತ್ತಿರ ನಿಂತಿದ್ದ ಒಬ್ಬ ಕೂಗಿದ: "ಏ ಮಾಲಕ್ರ, ಆಕಿ ಉಗುರ ನೋಡೀರೇನು? ಈ ಕೈಲೇ ಬಡದ ರೊಟ್ಟಿ ತಿನ್ಬೇಕೇನ್ ನಾವು?"

ಈರಮ್ಮ ಕೈಯನ್ನು ಹಿಟ್ಟಿನೊಳಗೆ ಅಡಗಿಸಿದಳು. ಆದರೂ ಬಾಯಿ ಮುಚ್ಚಿಕೊಳ್ಳಲಿಲ್ಲ. "ಯಪ್ಪಾ, ತಟ್ಟಿದ್ದು ಹಂಚಿನ ಮ್ಯಾಲ ಸುಡ್ತದ. ನಿನ್ನ ನಾಲಿಗಿ ನನ್ನ ಸುಟ್ಟಂಗ ಸುಡ್ತದ" ಎಂದಳು. ಕೆಲವರು ನಕ್ಕರು, ಕೆಲವರು ತಾಟು ಬಿಟ್ಟು ಎದ್ದರು. ಮಲ್ಕಣ್ಣ ಸುತ್ತ ನೋಡಿ ನನ್ನನ್ನು ಕಂಡ. "ಡಾಕ್ಟರ್ರ, ನೀವ ಹೇಳ್ರಿ. ಏನ್ ಮಾಡ್ಲಿ?"

ಈರಮ್ಮನೂ ನನ್ನ ಕಡೆಗೇ ನೋಡಿದಳು. ನಾನು ಹೇಳುತ್ತೇನೆಂಬ ಧೈರ್ಯ ಅವಳ ಮುಖದಲ್ಲಿತ್ತು. ಗುಣವಾಗುವ ರೋಗ, ಗುಳಿಗೆ ಬಿಡಿಸಿದವನು ನಾನು, ಮತ್ತೆ ಶುರುಮಾಡಿದರೆ ಹೋಗುತ್ತದೆ, ಅಲ್ಲಿಯವರೆಗೆ ಕೈ ಒದ್ದೆಯಾಗದ ಕೆಲಸ ಕೊಡು, ಒಲೆಯ ಮುಂದಿನ ಜಾಗ ಅವಳಿಗೇ ಇರಲಿ. ಇಷ್ಟು ಹೇಳಬೇಕಿತ್ತು. ಹೇಳಿದ್ದರೆ ಟ್ಯೂಬಿನ ಮಾತೂ ಬರುತ್ತಿತ್ತು.

"ಸದ್ಯಕ್ಕ ದೂರ ಇರ್ಲಿ" ಎಂದೆ.

ಮಲ್ಕಣ್ಣ ಅವಳನ್ನು ಹಿತ್ತಲಿಗೆ ಕಳಿಸಿದ, ಭಾಂಡೆ ತಿಕ್ಕಲು. ಒದ್ದೆಯಿಂದ ಬಂದ ರೋಗಕ್ಕೆ ಇನ್ನಷ್ಟು ನೀರು, ಮೇಲೆ ಸೋಪಿನ ಪುಡಿ. ಆರು ತಿಂಗಳಲ್ಲಿ ಎರಡು ಉಗುರು ಕಳಚಿಬಿದ್ದವು. ಒಲೆಯ ಮುಂದೆ ಬೇರೆಯವಳು ಬಂದು ಕುಳಿತಳು.

ಎರಡು ವರ್ಷದ ನಂತರ ನಾನು ಕೆಲಸ ಬಿಟ್ಟೆ. ಆ ಹೊತ್ತಿಗೆ ದಿನವಿಡೀ ಬೂಟಿನಲ್ಲಿ ಬೆವರಿದ ನನ್ನ ಕಾಲಿನ ಉಗುರಿಗೂ ಅದೇ ರೋಗ ಬಂದಿತ್ತು. ನಾನು ನನ್ನ ಟ್ಯೂಬ್ ಹಚ್ಚಿಕೊಳ್ಳಲಿಲ್ಲ. ಕಲಬುರಗಿಗೆ, ಅದೇ ಸಿಟ್ಟಿನ ಡಾಕ್ಟರಮ್ಮನ ಹತ್ತಿರಕ್ಕೆ ಹೋದೆ. ಕಾಲಿನ ಉಗುರಿಗೆ ವರ್ಷದ ಮೇಲೂ ಬೇಕಾಗುತ್ತದೆ ಎಂದರು. ಕಾಲಿನ ಬೆರಳ ಸಂದಿ ಒರೆಸಿ ಒಣಗಿಸಬೇಕು, ಕಾಲುಚೀಲ ದಿನವೂ ಬದಲಿಸಬೇಕು, ನೇಲ್ ಕಟರ್ ಒಬ್ಬರದ್ದು ಒಬ್ಬರು ಬಳಸಬಾರದು, ನೀರಿನ ಕೆಲಸಕ್ಕೆ ಒಳಗೆ ಹತ್ತಿ ಕೈಗವಸು, ಮೇಲೆ ರಬ್ಬರಿನದು ಹಾಕಬೇಕು ಎಂದರು. ಎಲ್ಲ ಪಾಲಿಸಿದೆ. ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ. ನನ್ನ ಉಗುರು ಈಗ ಸ್ವಚ್ಛವಾಗಿದೆ.

ಕಳೆದ ದೀಪಾವಳಿಯ ಮುಂದೆ ಕೈಗವಸು ತೆಗೆದುಕೊಂಡು ಖಾನಾವಳಿಯ ಹಿತ್ತಲಿಗೆ ಹೋದೆ. ಈರಮ್ಮ ಬೋಗುಣಿ ತಿಕ್ಕುತ್ತಿದ್ದಳು. ಎಲ್ಲವನ್ನೂ ಹೇಳಿದೆ: ಟ್ಯೂಬ್, ಗುಳಿಗೆ, ಆ ನಾಲ್ಕು ಜನರ ನಗು. ಮತ್ತೆ ಆ ಡಾಕ್ಟರ್ ಹತ್ತಿರ ಕರೆದೊಯ್ಯುತ್ತೇನೆ ಎಂದೆ.

ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ಗುಳಗಿ ಬಿಡ್ಸಿದ್ದು ತಪ್ಪಂತ ನಂಗ ಆವಾಗ ಗೊತ್ತಾಗಿತ್ರಿ. ಅದು ಹೋಗ್ಲಿ. ಅಮಾಸಿ ದಿವ್ಸ ಮಲ್ಕಣ್ಣ ಕೇಳ್ದಾಗ ಒಂದ್ ಮಾತ್ ಅಂದಿದ್ರ ಸಾಕಿತ್ತಲ್ರಿ. ಈಗ ಹಿತ್ತಲದಾಗ ಯಾರಿಗ್ ಹೇಳಾಕತ್ತೀರಿ?"

ಕೈಗವಸನ್ನು ಇಸಿದುಕೊಂಡಳು. ಡಾಕ್ಟರ್ ಹತ್ತಿರ ಮಗಳ ಜೊತೆಗೆ ಹೋಗುತ್ತೇನೆ, ನೀವು ಬೇಡ ಎಂದಳು. ಒಳಗೆ ಬೇರೆಯವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ತಪ್ಪಾದದ್ದನ್ನು ತಪ್ಪಾಯಿತು ಎನ್ನಬೇಕು, ಅದೂ ಜನರ ಮುಂದೆ, ಕೇಳಿದ ಹೊತ್ತಿಗೆ. ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತು ನಾನು ಕಲಿತದ್ದು ಇಷ್ಟು. ಕಲಿತಾಗ ನನ್ನ ಮುಂದೆ ಕೌಂಟರ್ ಇರಲಿಲ್ಲ.