ಬಚ್ಚಲದ ಚಿಲಕ

ಬನಹಟ್ಟಿಯ ನೇಮಿರಾಜರ ಕಿವಿ ಊರಿಗೆಲ್ಲ ಹೆಸರುವಾಸಿ. ಓಣಿಯ ತುದಿಯಲ್ಲಿ ನಿಂತೇ, ಮನೆಯ ಆರು ವಿದ್ಯುತ್ ಮಗ್ಗಗಳಲ್ಲಿ ಯಾವುದರ ಎಳೆ ಹರಿಯಿತೆಂದು ಹೇಳಬಲ್ಲೆನೆಂದು ಅವರೇ ಮೂವತ್ತು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದರು. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಆ ಕಿವಿ ಒಳಮುಖವಾಯಿತು. ಎದೆಯ ಮೇಲೆ ಅಂಗೈ ಇಟ್ಟು ಬಡಿತ ಆಲಿಸುವುದೇ ಉದ್ಯೋಗ. ಸದ್ದಿನಲ್ಲಿ ಅದು ತಿಳಿಯುವುದಿಲ್ಲವೆಂದು ಮಗ್ಗಗಳನ್ನೇ ನಿಲ್ಲಿಸಿದರು.

ನೋಡಲು ಬಂದವರು ಎಳನೀರಿನ ಜೊತೆ ಒಂದೊಂದು ಸಾವಿನ ಕಥೆಯನ್ನೂ ತಂದರು. ಬೀಳಗಿಯ ಬೀಗರಂತೂ, "ನಮ್ಮ ವಿಠೋಬಾ ಕಾಕಾ ಛಲೋನ ಇದ್ರು. ಬಚ್ಚಲಕ್ಕ ಹೋಗಿ ಚಿಲಕಾ ಹಾಕ್ಕೊಂಡ್ರು. ಬಾಗಿಲಾ ಮುರದು ತಗಿಬೇಕಾತು. ನೀವೇನ ಅಂಜಬ್ಯಾಡ್ರಿ!" ಎಂದು ಧೈರ್ಯ ಹೇಳಿ ಹೋದರು.

ಅಂದಿನಿಂದ ನೇಮಿರಾಜರು ಚಿಲಕ ಮುಟ್ಟಲಿಲ್ಲ. ಅವರ ಜಳಕ ಮುಗಿಯುವವರೆಗೆ ಹೆಂಡತಿ ಬಾಳವ್ವ ಹೊರಗೆ ಮಣೆ ಹಾಕಿ ಕೂರಬೇಕು, ನಡುನಡುವೆ "ಅದೀರೇನ್ರೀ?" ಎನ್ನಬೇಕು. ಒಳಗಿನಿಂದ "ಅದೇನಿ" ಎಂದು ಬರಬೇಕು. ಅಷ್ಟರಲ್ಲಿ ಅವಳ ಚಹಾ ಆರಿರುತ್ತಿತ್ತು.

ಜಮಖಂಡಿಯ ಆಸ್ಪತ್ರೆಯಲ್ಲಿ ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವ ನೇಹಾಳಿಗೆ ಅವರು ಮೊದಲು ತಮ್ಮ ಕಿವಿಯ ಮಹಿಮೆ ಹೇಳಿದರು. ಆಕೆ ಪೂರ್ತಿ ಕೇಳಿ, "ಕಾಕಾರ, ಯಾವುದಕ್ಕ ಅಂಜತೀರಿ?" ಎಂದಳು.

ನೇಮಿರಾಜರು ಗೋಡೆ ನೋಡಿದರು. ಜೊತೆಗೆ ಬಂದಿದ್ದ ಬಾಳವ್ವನೇ ಹೇಳಿದಳು: "ಚಿಲಕಕ್ಕ, ಯವ್ವಾ."

ಅವರು ಸಿಟ್ಟಾಗಲಿಲ್ಲ, ಕಣ್ಣು ತುಂಬಿಕೊಂಡರು. ನೇಹಾ ನಗಲಿಲ್ಲ. "ಎದಿಬ್ಯಾನಿ ಆದ ಮ್ಯಾಲೆ ಬಾಳ ಮಂದಿಗೆ ಹಿಂಗಾಕೈತ್ರಿ. ಅಂಜಿಕಿನೂ ಒಂದು ಬ್ಯಾನಿನ. ವಾರಕ್ಕೊಮ್ಮೆ ಬರ್ರಿ, ಮಾತಾಡೂಣು. ದಿನಾ ಹತ್ತು ಮಿನಿಟ ನಡೀರಿ, ಎದಿ ಮ್ಯಾಲಿನ ಕೈ ಬಿಟ್ಟು."

ಓಣಿಯಲ್ಲಿ ನಡೆದರೆ ಜನ ತಡೆದು ಇನ್ನೊಬ್ಬರ ಸಾವು ಹೇಳುತ್ತಾರೆ. ಹೀಗಾಗಿ ನಿಂತ ಮಗ್ಗಗಳ ನಡುವಿನ ಸಂದಿಯೇ ಅವರ ರಸ್ತೆಯಾಯಿತು. ಕೈ ಮಾತ್ರ ಎದೆ ಬಿಡಲಿಲ್ಲ. ನೇಕಾರ ಅಮಸಿದ್ದಪ್ಪ ಎರಡು ದಿನ ಬಾಗಿಲಲ್ಲಿ ನಿಂತು ನೋಡಿದ.

"ಮಾಲಕ್ರ, ಗುಡಿ ಸುತ್ತಿದಂಗ ಸುತ್ತಾಕತ್ತೀರಿ, ದೇವ್ರಽ ಮಲಗ್ಯಾನ. ಒಂದ ಮಗ್ಗರ ಹಚ್ಚಲೇನ್ರಿ?"

ಒಂದು ಶುರುವಾಯಿತು, ವಾರದಲ್ಲಿ ಆರೂ. ಒಂದು ಸಂಜೆ ಒಂಬತ್ತನೇ ಸುತ್ತಿನಲ್ಲಿ ನೇಮಿರಾಜರು ಕೂಗಿದರು: "ಲೇ, ನಾಕನೇದು! ಎಳಿ ಹರೀತು!"

ಹರಿದದ್ದು ಐದನೆಯದರದು. ನೇಮಿರಾಜರು ತಾವೇ ಬಾಗಿ, ಎರಡೂ ಕೈಯಿಂದ ಗಂಟು ಹಾಕಿದರು. ಹಾಕಿದ ಮೇಲೆ ತಮ್ಮ ಕೈಗಳನ್ನೇ ಒಂದು ಗಳಿಗೆ ನೋಡಿದರು.

"ಐದನೇದು ಅಂತ ಊರಾಗ ಹೇಳಬ್ಯಾಡ," ಎಂದರು ಅಮಸಿದ್ದಪ್ಪನಿಗೆ.

ಮರುದಿನ ಮುಂಜಾನೆ ಬಾಳವ್ವ ಎಂದಿನಂತೆ ಮಣೆ ಹಾಕಿ ಕೂತಳು. ಒಳಗೆ ಚಿಲಕ ಸರಿದ ಸದ್ದಾಯಿತು. ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಅವಳು ಚಹಾದ ಬಟ್ಟಲು ಎತ್ತಿದಳು.

ತುಸು ಹೊತ್ತಿಗೆ ಒಳಗಿನಿಂದಲೇ ದನಿ: "ಯಾಕ, ಇವತ್ತ ಕೇಳವಲ್ಲಿ?"

"ಬಿಸಿ ಚಹಾ ಕುಡ್ಯಾಕತ್ತೇನಿ. ಸುಮ್ನ ಜಳಕಾ ಮಾಡ್ರಿ."