ತಿಗನಾರೆಗೆ ಕೇಳಿಸದ ಆನೆಗಂಟೆ

ಕೊಟ್ಟ ಕೈಗೇ ಬರೆ ಹಾಕುವ ಜನ ಎಲ್ಲ ಊರಲ್ಲೂ ಇರುತ್ತಾರೆ, ತಿಗನಾರೆಯದೇನೂ ಹೆಚ್ಚುಗಾರಿಕೆ ಅಲ್ಲ. ಆದರೂ ಭಾನುಪ್ರಿಯಾಳ ಕಥೆ ಹೇಳಲು ಕೂತರೆ ಬಾಯಿಗೆ ಬರುವ ಮೊದಲ ಮಾತು ಥೂ ಅಂತಲೇ.

ತಾಳವಾಡಿ ಬಸ್‌ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿ ಇದೆಯಲ್ಲ, ಅದು ಅವಳದು. ತಿಗನಾರೆ ರಾಚಪ್ಪನ ಮಗಳು. ಸತ್ಯಮಂಗಲದಲ್ಲಿ ಕಂಪ್ಯೂಟರ್ ಓದಿ ಬಂದು, ಆಧಾರು, ಪಟ್ಟಾ, ಕರೆಂಟ್ ಬಿಲ್ಲು ಅಂತ ದಿನವಿಡೀ ಜನರ ಕಾಗದದ ಜೊತೆ ಒದ್ದಾಡುತ್ತಿದ್ದವಳು. ಆ ನಡುವೆಯೇ ಒಂದು ಪ್ರೋಗ್ರಾಂ ಬರೆದಳು. ಕಾಡಂಚಿನಲ್ಲಿ ಆನೆ ಕಂಡವರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಅಂಗಡಿಯ ಹಳೇ ಕಂಪ್ಯೂಟರು ಊರವರಿಗೆಲ್ಲ ತಾನೇ ಫೋನ್ ಮಾಡಿ, ಗಂಟೆ ಬಾರಿಸಿ, "ಆನೆ ಬಂದದೆ, ಉಸಾರು" ಅನ್ನುತ್ತಿತ್ತು. ಜನ ಅದಕ್ಕೆ ಆನೆಗಂಟೆ ಅಂತ ಹೆಸರಿಟ್ಟರು.

ಪಕ್ಕದ ಮನೆಯವರು ಬಂದು ಹೆಪ್ಪು ಕೇಳಿದರೆ ಇಲ್ಲ ಅನ್ನುವವರುಂಟೇ? ಹಾಗೆಯೇ ಅವಳೂ ಕೇಳಿದವರಿಗೆಲ್ಲ ಪ್ರೋಗ್ರಾಮನ್ನು ಪೂರ್ತಿ ಬಿಚ್ಚಿ ಕೊಟ್ಟಳು. ತಗೊಳ್ಳಿ, ಬೇಕಾದ ಹಾಗೆ ತಿದ್ದಿಕೊಳ್ಳಿ, ತಿದ್ದಿದ್ದನ್ನು ಇನ್ನೊಬ್ಬರಿಗೂ ಹೀಗೇ ಬಿಟ್ಟಿ ಕೊಡಿ ಅನ್ನುವುದೊಂದೇ ಕರಾರು. ಪಣಕಹಳ್ಳಿಯಲ್ಲೂ ಗಂಟೆ ಬಾರಿಸಿತು, ಜೀರಹಳ್ಳಿಯಲ್ಲೂ ಬಾರಿಸಿತು. ಅಷ್ಟೂ ಫೋನಿನ ಖರ್ಚು ಜೆರಾಕ್ಸಿನ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತಿತ್ತು. ಊರವರು ಒಂದು ರೀಚಾರ್ಜಾದರೂ ಮಾಡಿಸಿದರಾ? ಶಿವ ಶಿವಾ! ಗಂಟೆ ಒಂದು ಗಳಿಗೆ ತಡವಾದರೆ ಮಾತ್ರ ಅಂಗಡಿಗೇ ಬಂದು, "ಏನಮ್ಮಿ, ನಿನ್ ಗಂಟೆ ನಿದ್ದೆ ಒಡೀತಿತ್ತಾ?" ಅಂತ ದಬಾಯಿಸುವರು.

ಹೀಗಿರುವಾಗ ಕೊಯಮತ್ತೂರಿನ ಒಂದು ಕಂಪನಿಯ ಮ್ಯಾನೇಜರ್ ಬಂದ. ಅಕ್ಕಾ ಅಕ್ಕಾ ಅಂತ ಬಾಯ್ತುಂಬ ಕರೆದ, ಗಂಟೆಯನ್ನು ಹೊಗಳಿ ಅಟ್ಟಕ್ಕೇರಿಸಿದ. ಭಾನುಪ್ರಿಯಾ ಕಾಫಿ ಕೊಟ್ಟಳು, ಪೆನ್‌ಡ್ರೈವಿಗೆ ಹಾಕಿ ಪ್ರೋಗ್ರಾಮನ್ನೂ ಕೊಟ್ಟಳು. ಉಂಡ ಮನೆಯ ಜಂತೆ ಎಣಿಸುವ ಜಾತಿ ಅದು. ಪ್ರೋಗ್ರಾಮನ್ನು ಒಂದು ಸೈರನ್ ಪೆಟ್ಟಿಗೆಯೊಳಗೆ ತುಂಬಿ, ಮಿಸ್ಡ್ ಕಾಲಿನಿಂದ ಆನೆಯ ಎಚ್ಚರಿಕೆ ಕೊಡುವ ಉಪಾಯವನ್ನು ಕಂಡುಹಿಡಿದವರೇ ನಾವು ಅಂತ ಪೇಟೆಂಟ್ ಮಾಡಿಸಿಕೊಂಡರು. ಆಮೇಲೆ ಅವಳಿಗೇ ನೋಟೀಸು! ನಮ್ಮ ಉಪಾಯವನ್ನು ಕದ್ದು ನಡೆಸುತ್ತಿದ್ದೀರಿ, ತಿಂಗಳೊಳಗೆ ನಿಲ್ಲಿಸಿ, ಇಲ್ಲದಿದ್ದರೆ ನಷ್ಟ ಕಟ್ಟಿಕೊಡಿ ಅಂತ. ಓದಿದವಳಿಗೆ ಸಿಟ್ಟಿಗಿಂತ ಹೇಸಿಗೆಯೇ ಹೆಚ್ಚಾಯಿತು. ಅಂಥವನಿಗೆ ನನ್ನ ಕೈಯಾರೆ ಕಾಫಿ ಕಾಯಿಸಿ ಕೊಟ್ಟೆನಲ್ಲ ಅಂತ ಮೈ ಪರಚಿಕೊಂಡಳು.

ಗಂಟೆಯ ಖರ್ಚಿಗೆ ವರ್ಷಾವರ್ಷ ದುಡ್ಡು ಕೊಡುತ್ತೇವೆ ಅಂದಿದ್ದ ಒಂದು ದೊಡ್ಡ ದತ್ತಿಸಂಸ್ಥೆಯವರೂ ಇದ್ದರು. ನೋಟೀಸಿನ ಸುದ್ದಿ ಕೇಳಿದ್ದೇ, ಪೇಟೆಂಟ್ ತಕರಾರು ಇರುವ ಕಡೆ ನಾವು ದುಡ್ಡು ಹಾಕುವುದಿಲ್ಲ, ಅದನ್ನು ಬಗೆಹರಿಸಿಕೊಂಡು ಬನ್ನಿ ಅಂದರು. ಬೆಂಕಿ ಆರಿದ ಮೇಲೆ ನೀರು ಕೊಡುವ ಪುಣ್ಯಾತ್ಮರು!

ದಾರಿ ಅಂತ ತೋರಿಸಿದವಳು ಸತ್ಯಮಂಗಲದ ಒಬ್ಬ ವಕೀಲಮ್ಮ. "ಪೇಟೆಂಟ್ ಕೊಡೋದು ಹೊಸದಕ್ಕೆ ತಾನೆ? ಅವರು ಅರ್ಜಿ ಹಾಕೋಕೆ ಮುಂಚೆಯೇ ಇದು ನಿಮ್ಮೂರಲ್ಲಿ ಎಲ್ಲರೆದುರು ನಡೀತಿತ್ತು ಅಂತ ತೋರಿಸಿದರೆ ಬಿದ್ದುಹೋಗುತ್ತೆ. ನೀನು ಪ್ರೋಗ್ರಾಮನ್ನ ಇಂಟರ್‌ನೆಟ್ಟಿಗೆ ಹಾಕಿದ್ದು ಅವರ ಅರ್ಜಿ ಆದಮೇಲೆ, ಅದು ಉಪಯೋಗಕ್ಕೆ ಬರಲ್ಲ. ಊರವರು ಸಾಕ್ಷಿ ಹೇಳಬೇಕು" ಅಂದಳು.

ಅಯ್ಯೋ, ಇಷ್ಟೇನಾ! ಊರಿಗೆ ಊರೇ ಸಾಕ್ಷಿ ಇದೆಯಲ್ಲ! ಭಾನುಪ್ರಿಯಾ ಅವತ್ತೇ ಸ್ಕೂಟಿ ಹತ್ತಿ ತಿಗನಾರೆಗೆ ಹೋದಳು. ಮೊದಲು ಊರಿನ ಯಜಮಾನ ಪ್ರಭುಸ್ವಾಮಿಯ ಮನೆ. ಅವನು ಎಲೆಗೆ ಸುಣ್ಣ ಸವರುತ್ತಾ, "ಯಾವ್ ಗಂಟೆ ಕಣಮ್ಮಿ? ಆವಾಗೆಲ್ಲಾ ನಾ ಯಾವ್ ಗಂಟೇನೂ ಕೇಳ್ನಿಲ್ವಲ್ಲ" ಅಂದ. ಆಚೆ ಮನೆಯಲ್ಲೂ ಅದೇ ಮಾತು, ಈಚೆ ಮನೆಯಲ್ಲೂ ಅದೇ ಮಾತು. ಅವಳಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಚಿಕ್ಕಪ್ಪನ ಮಗ ಶಿವಮೂರ್ತಿ ಹಟ್ಟಿಯ ಹಿಂದಕ್ಕೆ ಕರೆದು ಮೆಲ್ಲಗೆ ಬಾಯಿಬಿಟ್ಟ.

"ತೆಪ್ಪು ತಿಳ್ಕೋಬ್ಯಾಡ ಕಣಕ್ಕ. ಜ್ವಾಳ ಆನೆ ತಿಂದದ್ದಕ್ಕೆ ನಾವು, ಪಣಕಹಳ್ಳಿ, ಜೀರಹಳ್ಳಿಯವ್ರು ಎಲ್ರೂವೆ ಪರಿಹಾರ ಕೇಳಿ ಫಾರೆಸ್ಟಿಗೆ ಮನು ಕೊಟ್ಟಿದ್ದೋ. ಆನೆ ಬಂದದ್ದೇ ಗೊತ್ತಾಗ್ನಿಲ್ಲ ಅಂತ ಅರ್ಜಿಲಿ ಬರ್ಸಿದ್ದೋ. ಈಗ ಗಂಟೆ ಒಡೀತಿತ್ತು ಅಂತ ಸೈನ್ ಆಕುದ್ರೆ, ಸುಳ್ಳು ಬರ್ಸಿದ್ರಿ, ಇಸ್ಕಂಡದ್ದ ವಾಪಸ್ ಕೊಡಿ ಅಂದ್ಬುಟ್ರೆ?"

ಗೊತ್ತಾಗಲಿಲ್ಲವಂತೆ! ಗಂಟೆ ಕೇಳಿ ಎದ್ದು, ತಗಡು ಬಡಿದು, ಪಟಾಕಿ ಹಚ್ಚಿ, ಅರ್ಧ ಹೊಲ ಉಳಿಸಿಕೊಂಡವರು ಇವರೇ. ಮಿಕ್ಕರ್ಧಕ್ಕೆ ಏನೂ ತಿಳಿಯದ ಪಾಪದವರ ಹಾಗೆ ಮನು ಬರೆಸಿದವರೂ ಇವರೇ. ಅದನ್ನು ಬರೆಸಲು ಅವಳ ಅಂಗಡಿಗೆ ಮಾತ್ರ ಯಾರೂ ಬಂದಿರಲಿಲ್ಲ. ಕಂಪನಿಯವನಾದರೂ ಹೊರಗಿನ ಕಳ್ಳ. ತನ್ನವರ ಈ ಜಾಣಕಿವುಡಿಗೆ ಏನನ್ನಬೇಕು?

ಅಪ್ಪನೊಬ್ಬ ಉಳಿದಿದ್ದ. ರಾಚಪ್ಪ ದನಕ್ಕೆ ಹುಲ್ಲು ಹಾಕುತ್ತಿದ್ದ.

"ಅಪ್ಪಾ, ನೀನೊಬ್ನಾದ್ರೂ ಯೋಳು. ಗಂಟೆ ಸುರುವಾದ ವರ್ಸವೇ ಅಲ್ವಾ ಆನೆ ನಿನ್ ಗುಡ್ಲ ತುಳಿದು ಅಪ್ಪಚ್ಚಿ ಮಾಡಿದ್ದು? ಗಂಟೆ ಕೇಳಿ ಈಚ್ಗೆ ಓಡಿ ಬರ್ದೆ ಇದ್ದಿದ್ರೆ ನೀನು ಇವತ್ತು ಇರ್ತಿದ್ದಾ?"

ರಾಚಪ್ಪ ತಲೆ ಎತ್ತಲಿಲ್ಲ. "ನಾನೂ ಮನು ಕೊಟ್ಟಿವ್ನಿ ಕಣಮ್ಮಿ. ಒಂದ್ಸಲ ಕೇಳ್ನಿಲ್ಲ ಅಂದ್ಮೇಲೆ ಕೇಳ್ನಿಲ್ಲ ಅಷ್ಟೆಯ. ನಿನ್ನೊಬ್ಳ ಗಂಟೆಗೋಸ್ಕರ ಊರ್ನೆಲ್ಲ ಸಿಕ್ಕಾಕ್ಸಕಾದದಾ? ಬುಟ್ಬುಡು."

ಅಮ್ಮ ಬಡಿಸಿದ್ದ ಮುದ್ದೆಯನ್ನು ಮುಟ್ಟದೆ ಭಾನುಪ್ರಿಯಾ ತಾಳವಾಡಿಗೆ ವಾಪಸ್ ಬಂದಳು.

ನೋಟೀಸಿನ ಗಡುವು ಮುಗಿಯುವ ದಿನ, ಇನ್ನೇನು ಗಂಟೆ ನಿಲ್ಲಿಸಬೇಕು ಅನ್ನುವಷ್ಟರಲ್ಲಿ ಒಂದು ಮಿಸ್ಡ್ ಕಾಲ್ ಬಂತು. ಕೆರೆಯ ಹತ್ತಿರ ದನ ಮೇಯಿಸುವ ಮಾದಿಯದು. ಹಾಡುಹಗಲಲ್ಲೇ ಆನೆ! ಕಂಪ್ಯೂಟರು ಸಾಲಾಗಿ ಕರೆ ಮಾಡತೊಡಗಿತು. ಅವಳು ಪರದೆಯನ್ನೇ ನೋಡುತ್ತಾ ಕೂತಳು. ಪ್ರಭುಸ್ವಾಮಿ ಎತ್ತಿದ. ಶಿವಮೂರ್ತಿ ಎತ್ತಿದ. ಎತ್ತದವರು ಒಬ್ಬರೂ ಇಲ್ಲ. ಥೂ ನಿಮ್ಮ, ಸಾಕ್ಷಿಗೆ ಕಿವುಡು, ಆನೆಗೆ ಮಾತ್ರ ಕಿವಿಯಾ! ಅಷ್ಟರಲ್ಲಿ ಅಪ್ಪನದೇ ಫೋನು, ಏದುಸಿರು ಬಿಡುತ್ತಾ.

"ಅಮ್ಮಿ, ಒಲದಲ್ಲಿವ್ನಿ. ಯಾವ್ ಕಡೆಯಿಂದ ಬಂದದೆ?"

"ಗಂಟೆ ಕೇಳಿಸ್ತಾ ಅಪ್ಪಾ?"

"ಮೊದ್ಲು ಯಾವ್ ಕಡೆ ಅಂತ ಯೋಳಮ್ಮಿ."

"ಕೆರೆ ಕಡೆಯಿಂದ. ಒಲ ಬುಟ್ಟು ಮ್ಯಾಕ್ಕೆ ಓಡು" ಅಂದು ಫೋನ್ ಇಟ್ಟಳು. ಅವನು ಮನೆ ಮುಟ್ಟಿದ ಅಂತ ಅಮ್ಮ ತಿಳಿಸಿದ ಮೇಲೆ ಕಂಪ್ಯೂಟರಿನ ವೈರು ಕಿತ್ತಳು.

ಮಾರನೇ ಬೆಳಿಗ್ಗೆ ಅಂಗಡಿ ಮುಂದೆ ತಿಗನಾರೆಯವರ ಸಾಲು. ಸೈರನ್ ಪೆಟ್ಟಿಗೆ ಮೊದಲ ವರ್ಷ ಬಿಟ್ಟಿ, ಆಮೇಲೆ ಬಾಡಿಗೆ ಅಂತ ಕಂಪನಿಯವರು ಸಾರಿದ್ದರು. ಹೆಸರು ಬರೆಸಲು ಆಧಾರಿನ ಜೆರಾಕ್ಸ್ ಬೇಕಿತ್ತು. ಸಾಲಿನಲ್ಲಿ ಅಪ್ಪನೂ ಇದ್ದ. ಅವನ ಸರದಿ ಬಂದಾಗ ಕಾರ್ಡನ್ನು ಮುಂದಕ್ಕೆ ತಳ್ಳಿ, "ಎಲ್ರೂ ಆಕುಸ್ಕತಾವ್ರೆ ಕಣಮ್ಮಿ" ಅಂತ ಗೊಣಗಿದ.

ಅವಳು ಜೆರಾಕ್ಸ್ ತೆಗೆದಳು. ಹಾಳೆಯನ್ನು ತಗೊಂಡು ಮಡಚಿ ಜೇಬಿಗಿಟ್ಟು ಹೊರಟವನ ಮುಂದೆ ಕೈ ಚಾಚಿದಳು.

"ಕಾಸು ಮಡುಗಪ್ಪಾ."